ಕಡಲ ಎಣ್ಣೆ ಸುಡುವ ಕಂಪ್ಯೂಟರ್ ಮಾಡೆಲ್: ಉತ್ತರ ಸರಿ ಬಂದರೆ ಸಾಕಾ?

ತೇಲುದೀಪ · ಸಂಜೆ 6:10

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಒಂದು ವಿಷಯ ತಲೆ ತಿನ್ನುತ್ತಿದೆ. ಸಮುದ್ರದಲ್ಲಿ ಕಚ್ಚಾ ಎಣ್ಣೆ ಸೋರಿದಾಗ ಅದು ದಡ ಮುಟ್ಟುವ ಮೊದಲೇ ನೀರಿನ ಮೇಲೆಯೇ ಸುಟ್ಟುಬಿಡುವ ವಿಧಾನ ಇದೆಯಲ್ಲ, ಅದನ್ನು ಲೆಕ್ಕ ಹಾಕುವ ಒಂದು ಕಂಪ್ಯೂಟರ್ ಮಾಡೆಲ್ ಎಷ್ಟು ಸರಿ ಅಂತ ಪರೀಕ್ಷಿಸುವುದು ನನ್ನ ಪ್ರಾಜೆಕ್ಟ್. ಲ್ಯಾಬಿನಲ್ಲಿ ಒಂದು ಮೀಟರ್ ಅಗಲದ ದುಂಡು ಕಬ್ಬಿಣದ ತೊಟ್ಟಿ ಇದೆ. ಅದರಲ್ಲಿ ನೀರು, ನೀರಿನ ಮೇಲೆ 20 ಮಿ.ಮೀ. ದಪ್ಪಕ್ಕೆ ಎಣ್ಣೆ. ಬೆಂಕಿ ಹಚ್ಚುತ್ತೇವೆ, ತಾನಾಗಿ ಆರಿದ ಮೇಲೆ ಉಳಿದದ್ದನ್ನು ತೆಗೆದು ತೂಗುತ್ತೇವೆ.

ನೂರಕ್ಕೆ 95 ಪಾಲು ಸುಡುತ್ತದೆ ಎಂದು ಮಾಡೆಲ್ ಹೇಳಿತು. ನಮಗೆ ಸಿಕ್ಕಿದ್ದು 94. ಗೈಡ್‌ಗೆ ಖುಷಿ. "ಮಾಡೆಲ್ ಪಾಸು, ರಿಪೋರ್ಟ್ ಬರಿ" ಅಂದರು. ಆದರೆ ಮಾಡೆಲ್ ಪ್ರಕಾರ ಬೆಂಕಿ 6 ನಿಮಿಷ 20 ಸೆಕೆಂಡಿಗೆ ಆರಬೇಕಿತ್ತು. ನಮ್ಮ ತೊಟ್ಟಿ 11 ನಿಮಿಷ ಉರಿಯಿತು. ಮೂರು ಸಲ ಮಾಡಿ ನೋಡಿದೆ, ಮೂರು ಸಲವೂ ಹೆಚ್ಚುಕಡಿಮೆ ಅಷ್ಟೇ. ಸುಟ್ಟ ಪ್ರಮಾಣ ಸರಿ, ಹೊತ್ತು ಪೂರ್ತಿ ತಪ್ಪು. ಇಂಥ ಮಾಡೆಲನ್ನು ಒಳ್ಳೆಯದು ಅಂತ ಬರೆಯಲು ನನಗೆ ಮನಸ್ಸು ಒಪ್ಪುತ್ತಿಲ್ಲ. ನಾನು ಸುಮ್ನೆ ಜಾಸ್ತಿ ಯೋಚನೆ ಮಾಡುತ್ತಿದ್ದೇನಾ?

ಪ್ರಶ್ನೆಚಿಹ್ನೆ · ಸಂಜೆ 6:22

ನನಗೆ ಈ ವಿಷಯ ಹೊಸದು, ಬುಡದಿಂದ ಕೇಳುತ್ತೇನೆ. ಎಣ್ಣೆಯನ್ನು ಸುಟ್ಟರೆ ಹೊಗೆ ಬರುವುದಿಲ್ಲವೇ? ನೀರಿನ ಕೊಳೆ ತೆಗೆದು ಗಾಳಿಗೆ ಹಾಕಿದಂತೆ ಆಗಲಿಲ್ಲವೇ?

ಹಳೇಹಗ್ಗ · ಸಂಜೆ 6:41

ಹೊಗೆ ಬರುತ್ತದೆ, ಕಪ್ಪಗೆ, ಗೋಡೆ ಎದ್ದ ಹಾಗೆ. ಆದರೆ ಇನ್ನೊಂದು ಕಡೆ ಏನಿದೆ ನೋಡಿ. ಎಣ್ಣೆ ಜೌಗು ಹುಲ್ಲಿಗೆ, ಕಾಂಡ್ಲಾ ಬೇರಿಗೆ, ಮೊಟ್ಟೆ ಇಡುವ ಮರಳಿಗೆ ಹತ್ತಿದರೆ ಅದನ್ನು ತೊಳೆಯುವುದು ವರ್ಷಗಟ್ಟಲೆಯ ಕೆಲಸ. ಹೊಗೆ ಕೆಲವು ಗಂಟೆಯದು. ದಡದಿಂದ ದೂರ, ಗಾಳಿ ಕಡಲಿನ ಕಡೆಗೆ ಬೀಸುವಾಗ ಮಾತ್ರ ಸುಡುತ್ತಾರೆ.

ನಾನು ಬೂಮ್, ಅಂದರೆ ಎಣ್ಣೆಯನ್ನು ತಡೆದು ಹಿಡಿಯುವ ತೇಲುವ ಬೇಲಿ, ಎಳೆಯುವ ದೋಣಿಗಳಲ್ಲಿ ಹಲವು ವರ್ಷ ಕೆಲಸ ಮಾಡಿದವನು. ಎರಡು ದೋಣಿ, ನಡುವೆ ಬೆಂಕಿ ತಾಳುವ ಬೂಮ್. ಅದು ಲಾಳದ ಆಕಾರದಲ್ಲಿ ಹಿಂದೆ ಬರುತ್ತದೆ, ಎಣ್ಣೆ ಅದರ ಬುಡಕ್ಕೆ ಬಂದು ದಪ್ಪ ಕಟ್ಟುತ್ತದೆ. ವೇಗ 0.7 ನಾಟ್ (ಗಂಟೆಗೆ 1.3 ಕಿ.ಮೀ.) ದಾಟಬಾರದು, ದಾಟಿದರೆ ಎಣ್ಣೆ ಬೂಮ್ ಅಡಿಯಿಂದ ನುಸುಳುತ್ತದೆ. ಮಗು ನಡೆಯುವುದಕ್ಕಿಂತ ನಿಧಾನ ಅದು. ಎಂಜಿನ್ ಗೇರಿಗೆ ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು. ಇಡೀ ದಿನ ಅದೇ.

ಮಸಿಲೆಕ್ಕ · ಸಂಜೆ 7:05

ತೇಲುದೀಪ ಅವರೇ, ನೀವು ಜಾಸ್ತಿ ಯೋಚನೆ ಮಾಡುತ್ತಿಲ್ಲ. ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ. ನಾನು ಬೆಂಕಿಯ ಸಿಮ್ಯುಲೇಷನ್ ಕೋಡ್ ಬರೆಯುವವನು. ಒಂದು ಚಿಕ್ಕ ಲೆಕ್ಕ ಮಾಡಿ ನೋಡೋಣ.

ನೀರಿನ ಮೇಲಿನ ಎಣ್ಣೆ ತೆಳ್ಳಗಾಗುತ್ತಾ ಹೋಗಿ ಸುಮಾರು 1 ಮಿ.ಮೀ. ಉಳಿದಾಗ ಆರಿಹೋಗುತ್ತದೆ. ಕೆಳಗಿನ ನೀರು ಶಾಖ ಎಳೆದುಕೊಳ್ಳುವುದರಿಂದ ಆವಿ ಏಳುವಷ್ಟು ಬಿಸಿ ಉಳಿಯುವುದಿಲ್ಲ. ಈಗ 20 ರಲ್ಲಿ 1 ಕಳೆಯಿರಿ. 19. ಅದನ್ನು 20 ರಿಂದ ಭಾಗಿಸಿದರೆ ನೂರಕ್ಕೆ 95. ನಿಮ್ಮ ಮಾಡೆಲ್ ಹೇಳಿದ್ದೂ ಅದೇ ಅಲ್ವಾ?

ಇನ್ನು ದೊಡ್ಡ ಬೆಂಕಿಗಳಲ್ಲಿ ಕಚ್ಚಾ ಎಣ್ಣೆಯ ಪದರ ನಿಮಿಷಕ್ಕೆ 3 ಮಿ.ಮೀ. ಆಸುಪಾಸು ಇಳಿಯುತ್ತದೆ. 19 ನ್ನು 3 ರಿಂದ ಭಾಗಿಸಿ. 6.33 ನಿಮಿಷ. ಅಂದರೆ 6 ನಿಮಿಷ 20 ಸೆಕೆಂಡ್.

ನಿಮ್ಮ ಮಾಡೆಲ್ ಬೆಂಕಿಯನ್ನು ಲೆಕ್ಕ ಹಾಕಿಲ್ಲ. ಯಾರೋ ಒಳಗೆ 3 ಮತ್ತು 1 ಎಂಬ ಎರಡು ಸಂಖ್ಯೆ ಬರೆದಿಟ್ಟಿದ್ದಾರೆ. ಇನ್‌ಪುಟ್ ಫೈಲ್ ತೆರೆದು ನೋಡಿ.

ಪ್ರಶ್ನೆಚಿಹ್ನೆ · ಸಂಜೆ 7:09

ಅಬ್ಬಾ. ಹಾಗಾದರೆ 95 ಬಂದದ್ದಕ್ಕೆ ಬೆಲೆಯೇ ಇಲ್ಲವೇ?

ಮಸಿಲೆಕ್ಕ · ಸಂಜೆ 7:14

ಇದೆ, ಆದರೆ ತೀರಾ ಕಡಿಮೆ. ದಪ್ಪ ಪದರದಿಂದ ಶುರು ಮಾಡಿದರೆ ಯಾವ ಮಾಡೆಲ್ ಆದರೂ ಒಳ್ಳೆಯ ಮಾರ್ಕ್ಸ್ ತೆಗೆಯುತ್ತದೆ. 20 ಮಿ.ಮೀ.ಗೆ 95, 50 ಮಿ.ಮೀ.ಗೆ 98. ತೆಳು ಪದರ ಕೊಟ್ಟು ನೋಡಿ, ಆಗ ಬಣ್ಣ ಬಯಲಾಗುತ್ತದೆ. 2 ಮಿ.ಮೀ.ಗೆ ಅದೇ ಲೆಕ್ಕ 50 ಅನ್ನುತ್ತದೆ. ನಿಜದಲ್ಲಿ ಅಷ್ಟು ತೆಳು ಪದರ ಹೊತ್ತಿಕೊಳ್ಳುವುದೇ ಅನುಮಾನ. ತಾಜಾ ಎಣ್ಣೆಗೇ 2 ರಿಂದ 3 ಮಿ.ಮೀ. ಬೇಕು. ದಿನ ಕಳೆದು ಹಗುರ ಭಾಗ ಆವಿಯಾಗಿದ್ದರೆ ಇನ್ನೂ ದಪ್ಪ ಬೇಕು.

ತೇಲುದೀಪ · ಸಂಜೆ 7:48

ಫೈಲ್ ತೆರೆದೆ. ಇಳಿಯುವ ವೇಗ 3.0, ಆರುವ ದಪ್ಪ 1.0. ಎರಡೂ ಅಲ್ಲೇ ಇವೆ. ಎರಡು ವಾರ ನಾನು ಔಟ್‌ಪುಟ್ ಮಾತ್ರ ನೋಡುತ್ತಾ ಕೂತಿದ್ದೆ. ತುಂಬಾ ಧನ್ಯವಾದ ಸರ್.

ಆದರೂ ಒಂದು ಅನುಮಾನ. 3 ಎನ್ನುವುದು ಅಷ್ಟೊಂದು ಕಡೆ ಬಳಕೆಯಲ್ಲಿರುವ ಸಂಖ್ಯೆ ಅಂದಮೇಲೆ ನಮ್ಮ ತೊಟ್ಟಿಯಲ್ಲಿ ಯಾಕೆ ನಿಮಿಷಕ್ಕೆ 1.7 ಮಾತ್ರ?

ಕುದಿಬಿಂದು · ರಾತ್ರಿ 8:20

ತೊಟ್ಟಿಯ ಅಗಲ. ಇದು ಹಳೆಯ ಕಥೆ, ಆದರೆ ಈ ಕೆಲಸ ಮಾಡುವವರೆಲ್ಲ ತಿಳಿದಿರಬೇಕಾದದ್ದು. ಸೋವಿಯತ್ ಕಾಲದಲ್ಲಿ ಬ್ಲಿನೋವ್ ಮತ್ತು ಖುದ್ಯಾಕೋವ್ ಎಂಬ ಇಬ್ಬರು 3.7 ಮಿ.ಮೀ. ಅಗಲದ ಕೊಳವೆಯಿಂದ ಹಿಡಿದು 22.9 ಮೀಟರ್ ಅಗಲದ ಟ್ಯಾಂಕ್‌ವರೆಗೆ ಎಣ್ಣೆ ಸುಟ್ಟು ಅಳೆದರು. ತೀರಾ ಚಿಕ್ಕ ಕೊಳವೆಯಲ್ಲಿ ವೇಗ ಜಾಸ್ತಿ. ಅಗಲ ಹೆಚ್ಚಿದಂತೆ ಕಡಿಮೆಯಾಗುತ್ತದೆ, ಆಮೇಲೆ ಮತ್ತೆ ಏರುತ್ತದೆ. ಒಂದು ಮೀಟರ್ ದಾಟಿದ ಮೇಲೆ ಹೆಚ್ಚುಕಡಿಮೆ ಸಮ. ನಿಮ್ಮ ತೊಟ್ಟಿ ಸರಿಯಾಗಿ ಆ ಏರು ಮುಗಿಯುವ ಜಾಗದಲ್ಲಿ ಕೂತಿದೆ. ಅಂಚಿನ ಕಬ್ಬಿಣ ಶಾಖ ಕುಡಿಯುತ್ತದೆ, ಕೆಳಗೆ ನೀರಿದೆ, ಎಣ್ಣೆಯ ಜಾತಿ ಬೇರೆ. ಅಲ್ಲಿ 1.7 ಬಂದರೆ ನನಗೇನೂ ಆಶ್ಚರ್ಯವಿಲ್ಲ.

ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಎಣ್ಣೆ ಸುಟ್ಟಾಗ ಕಿಲೋಗೆ 42 ಮೆಗಾಜೂಲ್ ಆಸುಪಾಸು ಶಾಖ ಹುಟ್ಟುತ್ತದೆ. ಅದೇ ಒಂದು ಕಿಲೋ ಎಣ್ಣೆಯನ್ನು ಬಿಸಿ ಮಾಡಿ ಆವಿ ಮಾಡಲು ಬೇಕಾದದ್ದು ಒಂದು ಮೆಗಾಜೂಲ್‌ನಷ್ಟು. ಅಂದರೆ ಹುಟ್ಟಿದ ಶಾಖದ ನೂರರಲ್ಲಿ ಎರಡು ಮೂರು ಪಾಲು ಕೆಳಗೆ ವಾಪಸ್ ಬಂದರೆ ಸಾಕು, ಬೆಂಕಿ ನಡೆಯುತ್ತದೆ. ಮಿಕ್ಕದ್ದೆಲ್ಲ ಮೇಲಕ್ಕೆ, ಪಕ್ಕಕ್ಕೆ ಹೋಗುತ್ತದೆ. ಈ ಎರಡು ಮೂರು ಪಾಲನ್ನು ಮಾಡೆಲ್ ಸರಿಯಾಗಿ ಹಿಡಿಯಬೇಕು. ಅಲ್ಲಿ ಅರ್ಧ ಪಾಲು ಆಚೀಚೆ ಆದರೂ ಉರಿಯುವ ವೇಗ ಐದನೇ ಒಂದರಷ್ಟು ತಪ್ಪುತ್ತದೆ. ಅದಕ್ಕೇ ಎಷ್ಟೋ ಜನ ಲೆಕ್ಕದ ಗೋಜಿಗೆ ಹೋಗದೆ ಅಳೆದ ವೇಗವನ್ನೇ ಒಳಗೆ ತುಂಬಿಬಿಡುತ್ತಾರೆ.

ಮಸಿಲೆಕ್ಕ · ರಾತ್ರಿ 8:31

ಕುದಿಬಿಂದು ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಕಡೆಯ ಕಷ್ಟವನ್ನೂ ಸೇರಿಸುತ್ತೇನೆ. ಅಮೆರಿಕದ ಅಳತೆ-ಮಾನದಂಡಗಳ ಸಂಸ್ಥೆ ನಿಸ್ಟ್ 2000 ದಲ್ಲಿ ಹೊರತಂದ ಎಫ್‌ಡಿಎಸ್ ಎಂಬ ಕೋಡ್ ಇದೆ, ಯಾರು ಬೇಕಾದರೂ ಬಳಸಬಹುದು. ಅದು ಜಾಗವನ್ನೆಲ್ಲ ಚಿಕ್ಕ ಚಿಕ್ಕ ಡಬ್ಬಿಗಳಾಗಿ ಕತ್ತರಿಸಿ ಒಂದೊಂದರಲ್ಲೂ ಗಾಳಿ, ಶಾಖ, ಹೊಗೆ ಲೆಕ್ಕ ಮಾಡುತ್ತದೆ. 10 ಮೀಟರ್ ಅಗಲದ ಬೆಂಕಿಗೆ ಅರ್ಧ ಮೀಟರ್ ಡಬ್ಬಿ ಇಟ್ಟರೆ ಹೊಗೆ ಏಳುವ ರೀತಿ ಚೆನ್ನಾಗಿಯೇ ಬರುತ್ತದೆ. ಆದರೆ ಎಣ್ಣೆಯ ದಪ್ಪ 3 ಮಿ.ಮೀ. ಒಂದು ಡಬ್ಬಿಯ ನೂರೈವತ್ತರಲ್ಲಿ ಒಂದು ಪಾಲೂ ಇಲ್ಲ! ಬೆಂಕಿ ಬದುಕುವುದೋ ಸಾಯುವುದೋ ತೀರ್ಮಾನ ಆಗುವುದು ಆ 3 ಮಿ.ಮೀ. ಒಳಗೆ. ಅಲ್ಲಿಗೆ ಬೇರೆಯೇ ಒಂದು ಪುಟ್ಟ ಮಾಡೆಲ್ ಹೊಲಿಯಬೇಕು. ಹರಿಯುವುದು ಯಾವಾಗಲೂ ಆ ಹೊಲಿಗೆಯಲ್ಲೇ.

ಅಳತೆಗೋಲು · ರಾತ್ರಿ 8:55

ಎಲ್ಲರೂ ಮಾಡೆಲ್ ಹಿಂದೆ ಬಿದ್ದಿದ್ದೀರಿ. ನನ್ನ ತಕರಾರು ಆ 94 ರ ಮೇಲೆ. ತೇಲುದೀಪ ಅವರೇ, ಉಳಿದದ್ದನ್ನು ಹೇಗೆ ತೂಗಿದಿರಿ?

ತೇಲುದೀಪ · ರಾತ್ರಿ 9:12

ಹೀರುವ ಪ್ಯಾಡ್‌ನಲ್ಲಿ. ಹೇಗೆ ಅಂತ ವಿವರವಾಗಿ ಹೇಳುತ್ತೇನೆ. ಕೊನೆಯ ಒಂದು ನಿಮಿಷ ತೊಟ್ಟಿಯ ಸದ್ದೇ ಬದಲಾಗುತ್ತದೆ. ಎಣ್ಣೆಯ ಅಡಿಯ ನೀರು ಕುದಿಯಲು ಶುರುವಾಗಿ ಚಟಪಟ ಅನ್ನುತ್ತದೆ, ಜ್ವಾಲೆ ಇದ್ದಕ್ಕಿದ್ದಂತೆ ಎತ್ತರಕ್ಕೆ ಏಳುತ್ತದೆ, ಎಣ್ಣೆ ಹನಿಗಳು ಅಂಚಿನ ಆಚೆಗೂ ಸಿಡಿಯುತ್ತವೆ. ಆಮೇಲೆ ಒಮ್ಮೆಗೇ ಆರುತ್ತದೆ. ತಣ್ಣಗಾದ ಮೇಲೆ ನೀರಿನ ಮೇಲೆ ಕರಿ ಚರ್ಮದ ಹಾಗೆ ಒಂದು ಪದರ. ನಡುವೆ ಗಟ್ಟಿ, ಬೆರಳಲ್ಲಿ ಎಳೆದರೆ ಡಾಂಬರಿನಂತೆ ಎಳೆ ಎಳೆ. ಅಂಚಿನಲ್ಲಿ ಇನ್ನೂ ಜಿಡ್ಡು ಜಿಡ್ಡು. ಗಟ್ಟಿಯದನ್ನು ಚಿಮಟದಿಂದ ಎತ್ತಿ, ಉಳಿದದ್ದನ್ನು ಪ್ಯಾಡ್‌ನಿಂದ ಒತ್ತಿ ತೆಗೆದು, ನೀರು ಸೋರಲು ಒಂದು ಗಂಟೆ ನೇತುಹಾಕಿ ತೂಗಿದೆ.

ಅಳತೆಗೋಲು · ರಾತ್ರಿ 9:25

ಅಲ್ಲಿಗೆ ಬಂತು ನೋಡಿ. ನೀವು ಹಾಕಿದ ಎಣ್ಣೆ ಸುಮಾರು 13 ಕಿಲೋ ಇರಬೇಕು. ಪ್ಯಾಡ್‌ನಲ್ಲಿ 200 ಗ್ರಾಂ ನೀರು ಉಳಿದುಕೊಂಡರೂ ನಿಮ್ಮ 94 ನಿಜದಲ್ಲಿ 95.5. ಹೊರಗೆ ಸಿಡಿದ ಹನಿಗಳು ಸುಟ್ಟವೆಂದು ಲೆಕ್ಕಕ್ಕೆ ಸೇರಿವೆ, ಅದು ಇನ್ನೊಂದು ದಿಕ್ಕಿಗೆ ಎಳೆಯುತ್ತದೆ. ಹಾಗಾಗಿ 94 ಮತ್ತು 95 ಒಂದೇನಾ ಬೇರೆಯಾ ಅಂತ ನಿಮ್ಮ ಅಳತೆ ಹೇಳಲಾರದು. ಮೂರೂ ಸಲದ ಸಂಖ್ಯೆಗಳನ್ನು ಬಿಡಿ ಬಿಡಿಯಾಗಿ ಬರೆಯಿರಿ, ಸರಾಸರಿ ಒಂದನ್ನೇ ಕೊಡಬೇಡಿ. ಮಾಡೆಲ್‌ನ ತಪ್ಪು ಅಳತೆಯ ತಪ್ಪಿಗಿಂತ ದೊಡ್ಡದಿದ್ದರೆ ಮಾತ್ರ ಮಾಡೆಲ್ ತಪ್ಪು ಅನ್ನಬಹುದು. 6 ನಿಮಿಷ, 11 ನಿಮಿಷದ ವಿಷಯದಲ್ಲಿ ಆ ಗೊಂದಲ ಇಲ್ಲ. ಅದು ಶುದ್ಧ ತಪ್ಪು.

ಹಳೇಹಗ್ಗ · ರಾತ್ರಿ 9:40

ತೊಟ್ಟಿಯಲ್ಲಿ ಪ್ಯಾಡ್ ಹಾಕಿ ತೂಗುವುದಾದರೂ ಆಗುತ್ತದೆ. ಕಡಲಲ್ಲಿ? 2010 ರಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ಎಣ್ಣೆ ಕೊರೆಯುವ ವೇದಿಕೆಯ ದುರಂತದಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ 411 ಸಲ ಬೆಂಕಿ ಹಚ್ಚಿದರು. ಒಂದಂತೂ ಹತ್ತಿರ ಹತ್ತಿರ 12 ಗಂಟೆ ಉರಿಯಿತು. ಒಟ್ಟು ಸುಟ್ಟದ್ದು 2,20,000 ದಿಂದ 3,10,000 ಬ್ಯಾರೆಲ್ ಅಂದರು. ಯಾರೂ ತೂಗಲಿಲ್ಲ. ಮೇಲಿನಿಂದ ನೋಡಿ ಬೆಂಕಿಯ ಅಗಲ ಅಂದಾಜು ಮಾಡಿದರು, ಎಷ್ಟು ಹೊತ್ತು ಉರಿಯಿತು ಅಂತ ಬರೆದುಕೊಂಡರು, ಎಣ್ಣೆ ಇಳಿಯುವ ವೇಗದಿಂದ ಗುಣಿಸಿದರು.

ಅಳತೆಗೋಲು · ರಾತ್ರಿ 9:46

ಆ ಎರಡು ಸಂಖ್ಯೆಗಳ ನಡುವಿನ ಅಂತರ ಬಂದದ್ದೂ ಮುಖ್ಯವಾಗಿ ವೇಗದಿಂದಲೇ. ಚೆನ್ನಾಗಿ ಉರಿಯುವ ಎಣ್ಣೆಗೆ ನಿಮಿಷಕ್ಕೆ 3 ಮಿ.ಮೀ. ಹತ್ತಿರ, ನೀರು ಬೆರೆತದ್ದಕ್ಕೆ 2 ಮಿ.ಮೀ. ಹತ್ತಿರ. ಈಗ ಯಾರಾದರೂ ಮಾಡೆಲ್ ಮಾಡಿ "ಮೆಕ್ಸಿಕೋ ಕೊಲ್ಲಿಯ ಅಂಕಿಗೆ ನಮ್ಮ ಉತ್ತರ ಹೊಂದುತ್ತದೆ" ಅಂದರೆ ಹೊಂದುವುದು ಯಾವುದಕ್ಕೆ? ಅವರ 3 ಕ್ಕೆ ಇವರ 3 ಹೊಂದುತ್ತದೆ. ಅಷ್ಟೇ.

ಈ ವಿಷಯದಲ್ಲಿ ನನಗೆ ಅತಿ ಹೆಚ್ಚು ಬೇಸರ ತರಿಸುವುದು ಇದು. ಎರಡೂ ಕಡೆ ಒಂದೇ ಸಂಖ್ಯೆ ಕೂತಿದೆ, ನಡುವೆ ಸಮ ಚಿಹ್ನೆ ಹಾಕಿ ಅದನ್ನು ಪರೀಕ್ಷೆ ಅನ್ನುತ್ತೇವೆ.

ಮಸಿಲೆಕ್ಕ · ರಾತ್ರಿ 10:02

ಅಷ್ಟೊಂದು ಕಠಿಣವಾಗಬೇಡಿ. ಆ ವೇಗಗಳು ಗಾಳಿಯಲ್ಲಿ ಹುಟ್ಟಿದವಲ್ಲ, ತೊಟ್ಟಿಗಳಲ್ಲಿ, ದೊಡ್ಡ ಟ್ಯಾಂಕ್‌ಗಳಲ್ಲಿ ಅಳೆದವು. ತುರ್ತಿನಲ್ಲಿ ಒಂದು ಅಂದಾಜು ಬೇಕು, ಕೊಟ್ಟರು, ಕೆಳಗಿನ ಅಂಚು ಮೇಲಿನ ಅಂಚು ಎರಡನ್ನೂ ಹೇಳಿದರು. ಅದು ಪ್ರಾಮಾಣಿಕ ಕೆಲಸ.

ಅಳತೆಗೋಲು · ರಾತ್ರಿ 10:06

ಅಂದಾಜು ಮಾಡಿದವರ ಮೇಲೆ ನನಗೆ ಸಿಟ್ಟಿಲ್ಲ. ಅಂದಾಜನ್ನು ಅಳತೆ ಅಂತ ಬಳಸುವವರ ಮೇಲೆ ಸಿಟ್ಟು.

ಹಳೇಹಗ್ಗ · ರಾತ್ರಿ 10:15

ನನ್ನದು ಬೇರೆಯೇ ವಾದ. ಸೋರಿಕೆಯ ದಿನ ಯಾರ ಬಳಿ ಮಾಡೆಲ್ ಓಡಿಸುವಷ್ಟು ಹೊತ್ತಿರುತ್ತದೆ? ಎಣ್ಣೆ ತಾಜಾ ಇರುವುದು ಒಂದೆರಡು ದಿನ. 1989 ರಲ್ಲಿ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೆಜ್ ಎಂಬ ಎಣ್ಣೆ ಹಡಗು ಬಂಡೆಗೆ ಬಡಿದದ್ದು ಮಾರ್ಚ್ 24. ಮಾರನೇ ಸಂಜೆ ಪರೀಕ್ಷೆಗೆಂದು ಒಂದು ಸಲ ಸುಟ್ಟರು. 15,000 ದಿಂದ 30,000 ಗ್ಯಾಲನ್ ಎಣ್ಣೆ, ಉಳಿದದ್ದು 300 ಗ್ಯಾಲನ್‌ನಷ್ಟು ಡಾಂಬರು. ಅದ್ಭುತ ಫಲಿತಾಂಶ. ಆಮೇಲೆ ಬಿರುಗಾಳಿ ಬಂತು, ಎಣ್ಣೆಗೆ ನೀರು ಕಲಸಿಹೋಯಿತು, ಮತ್ತೆ ಸುಡಲು ಆಗಲೇ ಇಲ್ಲ. ಅಲೆ ಒಂದು ಮೀಟರ್ ದಾಟಿದರೆ ಬೂಮ್ ಹಿಡಿಯುವುದಿಲ್ಲ, ಗಾಳಿ 20 ನಾಟ್ ದಾಟಿದರೆ ಹೊತ್ತಿಕೊಳ್ಳುವುದಿಲ್ಲ. ಇದನ್ನು ತಿಳಿಯಲು ಕಂಪ್ಯೂಟರ್ ಯಾಕೆ?

ಮಸಿಲೆಕ್ಕ · ರಾತ್ರಿ 10:24

ಸರ್, ಆ ದಿನಕ್ಕಾಗಿ ಅಲ್ಲ. ಆ ದಿನ ಬರುವುದಕ್ಕಿಂತ ಹತ್ತು ವರ್ಷ ಮುಂಚೆ ಮಾಡೆಲ್ ಬೇಕು. ಎಷ್ಟು ಬೂಮ್ ಕೊಂಡಿಡಬೇಕು, ಯಾವ ದೂರದಲ್ಲಿ ಸುಡಲು ಮುಂಗಡ ಅನುಮತಿ ಕೊಡಬಹುದು, ಯಾವ ಎಣ್ಣೆಗೆ ಎಷ್ಟು ಗಂಟೆ ಅವಕಾಶ ಇರುತ್ತದೆ, ಇವೆಲ್ಲ ಆಗ ತೀರ್ಮಾನವಾಗಬೇಕು. ಆಮೇಲೆ ಸಾವಿರ ಲೀಟರ್ ಎಣ್ಣೆಯನ್ನು ಕಡಲಿಗೆ ಸುರಿದು ಪರೀಕ್ಷೆ ಮಾಡುತ್ತೇವೆ ಅಂದರೆ ಯಾವ ದೇಶವೂ ಸುಲಭಕ್ಕೆ ಬಿಡುವುದಿಲ್ಲ. 1993 ರಲ್ಲಿ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಬಳಿ ಎರಡು ಸಲ ಅಂಥ ಪ್ರಯೋಗ ಮಾಡಿದರು, ವಿಮಾನ, ಹೆಲಿಕಾಪ್ಟರ್, ದೋಣಿ ಎಲ್ಲ ಇಟ್ಟು ಹೊಗೆ ಅಳೆದರು. ಇವತ್ತಿಗೂ ನಾವೆಲ್ಲ ಆ ಅಂಕಿಗಳನ್ನೇ ಅರೆಯುತ್ತಿದ್ದೇವೆ. ಅಂಥ ಅವಕಾಶ ಅಪರೂಪ.

ಹಳೇಹಗ್ಗ · ರಾತ್ರಿ 10:33

ಮುಂಚಿತ ಯೋಜನೆಗೆ ಅಂದರೆ ಒಪ್ಪುತ್ತೇನೆ. ಆದರೆ ಹಾಗಿದ್ದರೆ ಮಾಡೆಲ್ ಮಾಡುವವರು ಬೂಮ್ ಒಳಗಿನ 95 ನ್ನು ದೊಡ್ಡದಾಗಿ ಹೇಳುವುದನ್ನು ನಿಲ್ಲಿಸಬೇಕು. 411 ಸಲ ಸುಟ್ಟೂ ಮೆಕ್ಸಿಕೋ ಕೊಲ್ಲಿಯಲ್ಲಿ ಹೋದದ್ದು ಸೋರಿದ ಎಣ್ಣೆಯ ನೂರಕ್ಕೆ 5 ರಷ್ಟು. ಬೂಮ್ ಒಳಗೆ ಬಂದದ್ದು ಚೆನ್ನಾಗಿಯೇ ಸುಟ್ಟಿತು. ಬೂಮ್ ಒಳಗೆ ಬಂದದ್ದೇ ಸ್ವಲ್ಪ. ಎಣ್ಣೆ ಮೈಲಿಗಟ್ಟಲೆ ಹರಡಿ ಕೂದಲೆಳೆಗಿಂತ ತೆಳ್ಳಗಾಗಿರುತ್ತದೆ. ನಾವು ಮಗುವಿನ ನಡಿಗೆಯಲ್ಲಿ ಎಳೆಯುತ್ತಾ ಎಷ್ಟು ಅಂತ ಬಾಚಿಕೊಳ್ಳುವುದು? ಆ ಬಾಚುವ ಕೆಲಸವನ್ನು ಮಾಡೆಲ್ ಮಾಡಿ. ನನ್ನ ಕೈ ಬೊಬ್ಬೆ ಎದ್ದದ್ದು ಅಲ್ಲಿ.

ಕುದಿಬಿಂದು · ರಾತ್ರಿ 10:41

ಇದು ಈ ಚರ್ಚೆಯ ಅತಿ ಮುಖ್ಯ ಮಾತು.

ಬೂಮ್ ಇಲ್ಲದೆ ಎಣ್ಣೆಯನ್ನು ಒಟ್ಟುಗೂಡಿಸುವ ರಾಸಾಯನಿಕಗಳೂ ಇವೆ, ಹರ್ಡರ್ ಅಂತಾರೆ. ತೆಳು ಪದರದ ಸುತ್ತ ನೀರಿಗೆ ಸ್ವಲ್ಪ ಚಿಮುಕಿಸಿದರೆ ಎಣ್ಣೆ ಒಳಕ್ಕೆ ಸರಿದು ಹೊತ್ತಿಕೊಳ್ಳುವಷ್ಟು ದಪ್ಪ ಕಟ್ಟುತ್ತದೆ. ಅಲೆ ಇಲ್ಲದ ಕಡೆ, ಮಂಜುಗಡ್ಡೆಗಳ ನಡುವೆ ಅದಕ್ಕೆ ಒಳ್ಳೆಯ ಹೆಸರಿದೆ.

ಪ್ರಶ್ನೆಚಿಹ್ನೆ · ರಾತ್ರಿ 10:50

ಅಡ್ಡ ಪ್ರಶ್ನೆ, ಕ್ಷಮಿಸಿ. ಹಡಗಿನ ಮೇಲೆಯೇ ಬಾಂಬ್ ಹಾಕಿ ಸುಡಬಹುದಲ್ವಾ? ಎಲ್ಲೋ ಹಾಗೆ ಮಾಡಿದರು ಅಂತ ಓದಿದ ನೆನಪು.

ಹಳೇಹಗ್ಗ · ರಾತ್ರಿ 10:58

1967, ಟೋರಿ ಕ್ಯಾನಿಯನ್, ಇಂಗ್ಲೆಂಡಿನ ಕಾರ್ನ್‌ವಾಲ್ ಹತ್ತಿರ. ಬಂಡೆಗೆ ಸಿಕ್ಕಿದ ಹಡಗಿನ ಮೇಲೆ ಯುದ್ಧವಿಮಾನಗಳು ಬಾಂಬ್ ಹಾಕಿದವು, ನೇಪಾಮ್ ಸುರಿದವು. ಹಡಗಿನೊಳಗೆ ಸ್ವಲ್ಪ ಸುಟ್ಟಿತು. ಅಷ್ಟರಲ್ಲಿ ಹೊರಗೆ ಹರಡಿದ್ದ ಎಣ್ಣೆ ಸುಡಲಿಲ್ಲ, ದಡಕ್ಕೆ ಬಂದೇ ಬಂತು. ಬೆಂಕಿ ದೊಡ್ಡದಾದರೆ ಸಾಲದು, ಎಣ್ಣೆ ದಪ್ಪ ಇರಬೇಕು.

ಗಾಳಿದಿಕ್ಕು · ರಾತ್ರಿ 11:20

ತಡವಾಗಿ ಬಂದೆ. ಹೊಗೆಯ ಬಗ್ಗೆ ಯಾರೂ ಸರಿಯಾಗಿ ಮಾತಾಡಿಲ್ಲ. ಸುಡಲು ಅನುಮತಿ ಸಿಗುವುದೋ ಇಲ್ಲವೋ ಅದರ ಮೇಲೆಯೇ ನಿಂತಿರುತ್ತದೆ.

ಹೊಗೆ ಮಾಡೆಲ್ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನನ್ನ ಮನಸ್ಸಿಗೆ ಬರುವುದು 1991 ರ ಕುವೈತ್. 600 ಕ್ಕೂ ಹೆಚ್ಚು ಎಣ್ಣೆಬಾವಿಗಳು ಹೊತ್ತಿ ಉರಿದವು. ಅದಕ್ಕೆ ಮೊದಲೇ ಕಾರ್ಲ್ ಸೇಗನ್ ಸೇರಿದಂತೆ ಕೆಲವು ವಿಜ್ಞಾನಿಗಳು ಹೊಗೆ ತುಂಬಾ ಮೇಲಕ್ಕೆ ಏರಿ, ವಾತಾವರಣದ ಮೇಲಿನ ಪದರವಾದ ಸ್ಟ್ರಾಟೋಸ್ಫಿಯರ್ ಸೇರಿ, ದೂರದ ದೇಶಗಳ ಹವಾಮಾನವನ್ನೂ ಕೆಡಿಸಬಹುದು ಎಂದು ಎಚ್ಚರಿಸಿದ್ದರು. ಆಗಲಿಲ್ಲ. ಹೊಗೆ ಕೆಲವೇ ಕಿಲೋಮೀಟರ್ ಎತ್ತರದಲ್ಲಿ ಉಳಿಯಿತು. ಅದರ ನೆರಳಲ್ಲಿದ್ದವರಿಗೆ ಮಟಮಟ ಮಧ್ಯಾಹ್ನವೇ ಕತ್ತಲೆಯಾಯಿತು, ಉಸಿರಾಡುವುದೇ ಕಷ್ಟವಾಯಿತು, ಆದರೆ ಜಗತ್ತಿನ ಹವಾಮಾನ ಅಲುಗಲಿಲ್ಲ. ಎಷ್ಟು ಹೊಗೆ ಅನ್ನುವುದಕ್ಕಿಂತ ಎಷ್ಟು ಎತ್ತರಕ್ಕೆ ಏರುತ್ತದೆ ಅನ್ನುವುದೇ ಎಲ್ಲವನ್ನೂ ತೀರ್ಮಾನಿಸಿತು.

ಕಡಲಲ್ಲಿ ಎಣ್ಣೆ ಸುಡುವಾಗಲೂ ಹಾಗೇ. ಬಿಸಿ ಹೊಗೆ ಮೇಲೆ ಹೋದರೆ ಕೆಳಗಿನವರಿಗೆ ತೊಂದರೆ ಕಡಿಮೆ. ಮೇಲೆ ಬಿಸಿಗಾಳಿಯ ಮುಚ್ಚಳ ಇದ್ದರೆ ಹೊಗೆ ಅದರಡಿ ಚಪ್ಪಟೆಯಾಗಿ ಹರಡುತ್ತದೆ. ನಿಸ್ಟ್‌ನವರೇ 1990 ರ ದಶಕದಲ್ಲಿ ಇದಕ್ಕಾಗಿ ಅಲಾಫ್ಟ್ ಎಂಬ ಮಾಡೆಲ್ ಮಾಡಿದರು. ಗಾಳಿ ಒಂದೇ ದಿಕ್ಕು, ಒಂದೇ ವೇಗ ಎಂದು ಹಿಡಿದು ಹೊಗೆಯ ದಾರಿ ಹೇಳುತ್ತದೆ. ಬಯಲು ಕಡಲಿಗೆ ಅದು ತಕ್ಕಮಟ್ಟಿಗೆ ಸರಿ. ದಡದ ಹತ್ತಿರ ಹಗಲು ಕಡಲಗಾಳಿ, ರಾತ್ರಿ ನೆಲಗಾಳಿ ಅಂತ ತಿರುಗುವ ಕಡೆ ಅದನ್ನೇ ನಂಬಿ ಕೂರುವುದಕ್ಕೆ ನನಗೆ ಧೈರ್ಯ ಸಾಲದು.

ತೇಲುದೀಪ · ರಾತ್ರಿ 11:31

ಮಸಿ ಎಷ್ಟು ಹುಟ್ಟುತ್ತದೆ ಅನ್ನುವ ಸಂಖ್ಯೆಯನ್ನೂ ಹೀಗೇ ಕೈಯಿಂದ ಬರೆದಿಡುತ್ತಾರಾ?

ಗಾಳಿದಿಕ್ಕು · ರಾತ್ರಿ 11:38

ಸಾಮಾನ್ಯವಾಗಿ ಹೌದು. ಸುಟ್ಟ ಎಣ್ಣೆಯ ತೂಕದಲ್ಲಿ ನೂರಕ್ಕೆ 5 ರಿಂದ 15 ಪಾಲು ಮಸಿಯಾಗುತ್ತದೆ ಎಂದು ಹಿಡಿಯುವುದು ವಾಡಿಕೆ. ಮೆಕ್ಸಿಕೋ ಕೊಲ್ಲಿಯಲ್ಲಿ ಅಮೆರಿಕದ ಕಡಲು-ಹವಾಮಾನ ಸಂಸ್ಥೆ ನೋವಾದ ವಿಮಾನ ಹೊಗೆಯೊಳಗೆ ಹಾರಿ ಅಳೆದಾಗ ಕಪ್ಪು ಇಂಗಾಲ ನೂರಕ್ಕೆ 4 ರಷ್ಟು ಸಿಕ್ಕಿತು. ಎಣ್ಣೆ ಬೇರೆ, ಬೆಂಕಿಯ ಅಗಲ ಬೇರೆ, ಅಳೆಯುವ ಉಪಕರಣ ಬೇರೆ, ಅಳೆದ ವಸ್ತುವೂ ಪೂರ್ತಿ ಒಂದೇ ಅಲ್ಲ. 4 ಹಾಕುತ್ತೀರೋ 15 ಹಾಕುತ್ತೀರೋ ಅನ್ನುವುದರ ಮೇಲೆ ಕೆಳಗಿರುವವರು ಕುಡಿಯುವ ಹೊಗೆ ನಾಲ್ಕು ಪಟ್ಟು ಬದಲಾಗುತ್ತದೆ. ಅದಕ್ಕೆ ಒಂದೇ ನಕ್ಷೆ ಕೊಡುವ ಮಾಡೆಲ್ ಕಂಡರೆ ನನಗೆ ಆಗುವುದಿಲ್ಲ. ಕನಿಷ್ಠ ಎರಡು ನಕ್ಷೆ ಕೊಡಿ.

ನೀಲಿಆಮೆ · ಬೆಳಿಗ್ಗೆ 7:05

ರಾತ್ರಿಯ ಚರ್ಚೆಯನ್ನೆಲ್ಲ ಈಗ ಓದಿದೆ. ಸುಟ್ಟ ಮೇಲೆ ಉಳಿಯುವ ಆ ಕರಿ ಪದರದ ಬಗ್ಗೆ ಒಂದು ಮಾತು. ನಿಮ್ಮೆಲ್ಲರ ಲೆಕ್ಕದಲ್ಲಿ ಅದು 5 ಪಾಲು, 1 ಮಿ.ಮೀ. ನಾವು ಕಡಲ ಜೀವಿಗಳ ಕೆಲಸ ಮಾಡುವವರಿಗೆ ಆ 5 ಪಾಲೇ ಮುಖ್ಯ. ಹಗುರ ಭಾಗ ಸುಟ್ಟುಹೋಗಿ ಭಾರದ ಭಾಗ ಉಳಿದಿರುತ್ತದೆ. ತಣ್ಣಗಾದರೆ ಕೆಲವು ಸಲ ಮುಳುಗಿಬಿಡುತ್ತದೆ. 1991 ರಲ್ಲಿ ಇಟಲಿಯ ಜಿನೋವಾ ಹತ್ತಿರ ಹೇವನ್ ಹಡಗು ಹೊತ್ತಿ ಮುಳುಗಿದಾಗ ಸುಟ್ಟುಳಿದ ಡಾಂಬರು ಕಡಲ ತಳ ಸೇರಿತು. ಮೇಲೆ ತೇಲುವಾಗ ಬಲೆಯಲ್ಲಿ ಎತ್ತಬಹುದು. ತಳಕ್ಕೆ ಹೋದರೆ ಮುಗಿಯಿತು.

ಮಾಡೆಲ್ ಎಷ್ಟು ಸುಡುತ್ತದೆ ಅನ್ನುವುದನ್ನು ಮಾತ್ರ ಹೇಳಿ ನಿಂತರೆ ನನಗೆ ಅರ್ಧ ಉತ್ತರ. ಉಳಿದದ್ದು ತೇಲುತ್ತದಾ ಮುಳುಗುತ್ತದಾ, ಎಷ್ಟು ಹೊತ್ತಿಗೆ? ತೇಲುದೀಪ ಅವರೇ, ನಿಮ್ಮ ಕೈಯಲ್ಲೇ ಆ ಪದರ ಇದೆ. ತೂಗಿ ಬಿಸಾಡಬೇಡಿ. ಒಂದು ಚೂರು ಉಪ್ಪುನೀರಿಗೆ ಹಾಕಿ ನೋಡಿ.

ಮೆಕ್ಸಿಕೋ ಕೊಲ್ಲಿಯಲ್ಲಿ ಎಣ್ಣೆ ಒಟ್ಟಾಗುವ ಕಡೆಯೇ ತೇಲುವ ಸರ್ಗಾಸಮ್ ಪಾಚಿಯೂ ಒಟ್ಟಾಗುತ್ತಿತ್ತು. ಮರಿ ಆಮೆಗಳು ಇರುವುದು ಆ ಪಾಚಿಯಲ್ಲೇ. ಬೂಮ್ ಎರಡನ್ನೂ ಸೇರಿಸಿ ಎಳೆಯುತ್ತದೆ. ಆಮೇಲೆ ಬೆಂಕಿ ಹಚ್ಚುವ ಮೊದಲು ಆಮೆ ಹುಡುಕಲು ದೋಣಿಗಳಲ್ಲಿ ಜನರನ್ನು ಇಟ್ಟರು. ಯಾವ ಮಾಡೆಲ್‌ನಲ್ಲೂ ಆ ಆಮೆಗೆ ಒಂದು ಕಾಲಂ ನಾನು ನೋಡಿಲ್ಲ.

ಹಳೇಹಗ್ಗ · ಬೆಳಿಗ್ಗೆ 7:30

ಮೇಡಂ ಹೇಳಿದ್ದು ಸರಿ. ನಾವು ಬೇಕೆಂದಾಗ ಬೆಂಕಿಯನ್ನು ಆರಿಸುವ ದಾರಿಯೂ ಇದೆ ಅಂತ ತಿಳಿದಿರಲಿ. ಒಂದು ದೋಣಿ ಬೂಮ್‌ನ ತುದಿ ಬಿಟ್ಟರೆ ಎಣ್ಣೆ ಹರಡಿ ತೆಳ್ಳಗಾಗುತ್ತದೆ, ನಿಮಿಷಗಳಲ್ಲಿ ಆರುತ್ತದೆ. ಅದೇ 1 ಮಿ.ಮೀ. ನಿಯಮ.

ತೇಲುದೀಪ · ನಾಲ್ಕು ದಿನದ ನಂತರ, ಸಂಜೆ 5:40

ಎಲ್ಲರ ಮಾತು ತಲೆಯಲ್ಲಿಟ್ಟುಕೊಂಡು ಹೊಸದಾಗಿ ಶುರು ಮಾಡಿದೆ. ಗೈಡ್ ಮೊದಲು ಒಪ್ಪಲಿಲ್ಲ. 19 ಭಾಗ 3 ರ ಲೆಕ್ಕವನ್ನು ಹಲಗೆಯ ಮೇಲೆ ಬರೆದು ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಸರಿ, ತೆಳು ಪದರ ಮಾಡು" ಅಂದರು.

ಈ ಸಲ ಸುಡುವ ಮೊದಲೇ ಮಾಡೆಲ್‌ನ ಉತ್ತರ ಬರೆದು ಗೈಡ್ ಕೈಗೆ ಕೊಟ್ಟೆ, ಆಮೇಲೆ ಯಾವ ಸಂಖ್ಯೆಯನ್ನೂ ಮುಟ್ಟಲಿಲ್ಲ. ವೇಗವನ್ನು ನಮ್ಮ ತೊಟ್ಟಿಯ 1.7 ಕ್ಕೆ ಇಳಿಸಿದ್ದೆ. 5 ಮಿ.ಮೀ. ಪದರಕ್ಕೆ ಮಾಡೆಲ್ ಹೇಳಿದ್ದು ನೂರಕ್ಕೆ 80, 2 ನಿಮಿಷ 20 ಸೆಕೆಂಡ್. ಬಂದದ್ದು 71, 2 ನಿಮಿಷ 40 ಸೆಕೆಂಡ್. ಎರಡೂ ತಪ್ಪು! ಆದರೆ ಯಾಕೆ ತಪ್ಪು ಅಂತ ಈಗ ಗೊತ್ತಾಗುತ್ತಿದೆ. ಜ್ವಾಲೆ ತೊಟ್ಟಿಯ ಪೂರ್ತಿ ಹರಡಲು ಅರ್ಧ ನಿಮಿಷ ಹೋಯಿತು, ಮಾಡೆಲ್‌ನಲ್ಲಿ ಆ ಹಂತವೇ ಇಲ್ಲ. ಅಂಚಿನ ಸುತ್ತ ಎರಡು ಬೆರಳು ಅಗಲ ಸುಡದೆ ಉಳಿಯಿತು.

ನೀರು ಬೆರೆಸಿದ ಎಣ್ಣೆಯನ್ನೂ ಮಾಡಿದೆ, ನೂರಕ್ಕೆ 30 ನೀರು. ಮಾಡೆಲ್‌ನಲ್ಲಿ ನೀರಿಗೆ ಜಾಗವೇ ಇಲ್ಲದ್ದರಿಂದ ಮತ್ತೆ ಅದೇ 80 ಅಂದಿತು. ಎರಡು ಸಲ ಟಾರ್ಚ್ ಹಿಡಿದರೂ ಹೊತ್ತಲಿಲ್ಲ. ಮೂರನೇ ಸಲ ಮೇಲೆ ಸ್ವಲ್ಪ ತಾಜಾ ಎಣ್ಣೆ ಹಾಕಿದ ಮೇಲೆ ಹೊತ್ತಿತು, ಉಸಿರು ಕಟ್ಟಿದಂತೆ ಉರಿದು ಅರ್ಧಕ್ಕೇ ಆರಿತು.

ನೀಲಿಆಮೆ ಮೇಡಂ, 20 ಮಿ.ಮೀ. ತೊಟ್ಟಿಯ ಗಟ್ಟಿ ಚೂರನ್ನು ಉಪ್ಪುನೀರಿಗೆ ಹಾಕಿದೆ. ಬಿಸಿ ಇದ್ದಾಗ ತೇಲಿತು. ಮಾರನೇ ಬೆಳಿಗ್ಗೆ ಗಾಜಿನ ತಳದಲ್ಲಿತ್ತು.

ನೀಲಿಆಮೆ · ಸಂಜೆ 5:52

ಫೋಟೋ ತೆಗೆದಿದ್ದೀರಾ? ನೀರಿನ ಉಷ್ಣತೆ, ಉಪ್ಪಿನ ಪ್ರಮಾಣ ಎರಡನ್ನೂ ಬರೆದಿಡಿ. ಮುಳುಗಿದ್ದು ಎಷ್ಟು ಹೊತ್ತಿಗೆ ಅನ್ನುವುದು ಇನ್ನೂ ಮುಖ್ಯ. ಮುಂದಿನ ಸಲ ಗಂಟೆಗೊಮ್ಮೆ ನೋಡಿ.

ಅಳತೆಗೋಲು · ಸಂಜೆ 6:03

ಮೊದಲೇ ಬರೆದು ಕೊಟ್ಟಿರಲ್ಲ, ಅದಕ್ಕೆ ನಿಮಗೊಂದು ನಮಸ್ಕಾರ. ರಿಪೋರ್ಟ್‌ನಲ್ಲಿ ತಪ್ಪಿದ ಆ 71 ನ್ನು ಮೊದಲ ಪುಟದಲ್ಲೇ ಹಾಕಿ. ಹೊಂದಿದ 94 ಕ್ಕಿಂತ ಅದರಿಂದ ಕಲಿಯುವುದು ಜಾಸ್ತಿ.

ಮಸಿಲೆಕ್ಕ · ಸಂಜೆ 6:10

ಅಂಚಿನ ಎರಡು ಬೆರಳಿನ ಲೆಕ್ಕ ಕೊಡಿ. ಒಂದು ಮೀಟರ್ ತೊಟ್ಟಿಯಲ್ಲಿ ಸುತ್ತಲೂ 3 ಸೆಂ.ಮೀ. ಬಿಟ್ಟರೆ ಮೇಲ್ಮೈಯ ನೂರಕ್ಕೆ 11 ಪಾಲಿಗಿಂತ ಜಾಸ್ತಿ ಹೋಯಿತು. ನಿಮ್ಮ 80 ಮತ್ತು 71 ರ ನಡುವಿನ ಅಂತರ ಬಹುಪಾಲು ಅಲ್ಲೇ ಇದೆ. ಹತ್ತು ಮೀಟರ್ ಬೆಂಕಿಯಲ್ಲಿ ಅದೇ ಅಂಚು ನೂರಕ್ಕೆ 1 ರಷ್ಟು ಮಾತ್ರ. ಹಾಗಾಗಿ ಈ ತಪ್ಪನ್ನು ಕಡಲಿಗೆ ಹೊತ್ತುಕೊಂಡು ಹೋಗಬೇಡಿ. ನೀರು ಬೆರೆತದ್ದರ ತಪ್ಪನ್ನು ಮಾತ್ರ ಖಂಡಿತ ಹೊತ್ತುಕೊಂಡು ಹೋಗಿ, ಅದು ಅಲ್ಲಿ ಇನ್ನೂ ದೊಡ್ಡದಾಗುತ್ತದೆ.

ಹಳೇಹಗ್ಗ · ಸಂಜೆ 6:25

ಗಾಳಿ ಇಲ್ಲದ ಕಡಲನ್ನು ನಾನು ನೋಡಿಲ್ಲ. ತೊಟ್ಟಿಯ ಪಕ್ಕ ಒಂದು ಫ್ಯಾನ್ ಇಡಿ.

ತೇಲುದೀಪ · ಸಂಜೆ 6:44

ಫ್ಯಾನ್ ಸಿಕ್ಕಿದೆ ಸರ್. ಗುರುವಾರ ಸುಡುತ್ತೇವೆ. ಗಾಳಿ ಸೆಕೆಂಡಿಗೆ 5 ಮೀಟರ್, ಎಣ್ಣೆ 10 ಮಿ.ಮೀ., ನೀರು ಬೆರೆಸಿಲ್ಲ. ಮಾಡೆಲ್ ಪ್ರಕಾರ ನೂರಕ್ಕೆ 90, 5 ನಿಮಿಷ 18 ಸೆಕೆಂಡ್. ಅದಕ್ಕೆ ಗಾಳಿಯೂ ಗೊತ್ತಿಲ್ಲ. ನನ್ನ ಸ್ವಂತ ಅಂದಾಜು ನೂರಕ್ಕೆ 82, 6 ನಿಮಿಷ, ಗಾಳಿ ಬರುವ ಕಡೆಯ ಅಂಚಿನಲ್ಲಿ ಸುಡದೆ ಉಳಿಯುವುದು ಜಾಸ್ತಿ. ಎರಡನ್ನೂ ಈಗಲೇ ಇಲ್ಲಿ ಬರೆದಿಟ್ಟಿದ್ದೇನೆ.